ಹಬ್ಬದ ಮೇಲೆ ಹತ್ತು ವಾಕ್ಯ

ಬಾಗಿಲ ಬೆಲ್ ಆದರೆ ನನ್ನ ಹೆಂಡತಿ ಒಳಗಿನಿಂದಲೇ "ರೀ, ಯಾರೋ ಬಂದ್ರು ನೋಡಿ" ಅನ್ನುವುದು ಇಂಗ್ಲೆಂಡಿನ ಲೆಸ್ಟರಿಗೆ ಬಂದಾಗಿನಿಂದ ನಡೆದುಬಂದ ಪದ್ಧತಿ. ಕಳೆದ ಡಿಸೆಂಬರಿನ ಒಂದು ಸಂಜೆ ಬೆಲ್ ಆಯಿತು, ನನ್ನನ್ನು ಯಾರೂ ಕರೆಯಲಿಲ್ಲ. ಪಕ್ಕದ ಮನೆಯ ಅಜ್ಜಿ ಕ್ರಿಸ್‌ಮಸ್ ಕಾರ್ಡ್ ಕೊಡಲು ಬಂದಿದ್ದರು. ನಾನು ಮೆಟ್ಟಿಲಿಳಿದು ಬರುವ ಹೊತ್ತಿಗೆ ಇವಳು ಹೊಸ್ತಿಲಲ್ಲೇ ನಿಂತು, ಮಗ-ಸೊಸೆ ಈ ಸಲ ಬರುತ್ತಾರಾ, ಮರ ಯಾವಾಗ ನಿಲ್ಲಿಸಿದಿರಿ, ಊಟಕ್ಕೆ ಎಷ್ಟು ಜನ ಅಂತ ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದಳು. ನಡುವೆ ಒಂದು ಕ್ರಿಯಾಪದ ತಪ್ಪಿತು. ಅಜ್ಜಿ ಅದನ್ನು ಲೆಕ್ಕಕ್ಕೇ ಇಡಲಿಲ್ಲ, ಇವಳೂ ನಿಲ್ಲಲಿಲ್ಲ.

ಇದು ನಮ್ಮ ಮನೆಯಲ್ಲಿ ಸಣ್ಣ ಸಂಗತಿಯಲ್ಲ. ಅವಳು ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ, ಬಿ.ಎ. ಕೂಡ ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಯಾವತ್ತೂ ಒಳ್ಳೆಯ ಅಂಕ. ಬ್ಯಾಂಕಿನಿಂದ, ಕೌನ್ಸಿಲಿನಿಂದ ಅಂದರೆ ಇಲ್ಲಿನ ನಗರಸಭೆಯಿಂದ ಬಂದ ಪತ್ರಗಳನ್ನು ನನಗಿಂತ ಬೇಗ ಓದಿ ಅರ್ಥ ಹೇಳುತ್ತಾಳೆ. ಬಾಯಿ ಮಾತ್ರ ಬರುತ್ತಿರಲಿಲ್ಲ. ಊರಿನ ಶಾಲೆ ಕಾಲೇಜುಗಳು ಇಷ್ಟು ವರ್ಷ ಕಲಿಸಿಯೂ ಬಿಡಿಸಲಾಗದ ಗಂಟನ್ನು ಇಲ್ಲಿಯ ಸಂಜೆ ತರಗತಿ ಕ್ರಿಸ್‌ಮಸ್ಸಿನ ನೆಪದಲ್ಲಿ ಬಿಡಿಸಿತ್ತು.

ಆ ತರಗತಿಗೆ ಈಸಾಲ್ ಅನ್ನುತ್ತಾರೆ, ಬೇರೆ ಭಾಷೆಯವರಿಗಾಗಿ ಇರುವ ಇಂಗ್ಲಿಷ್ ಪಾಠ. ಇವಳದು ಎಂಟ್ರಿ 3, ಅಂದರೆ ಯೂರೋಪಿನ ಅಳತೆಗೋಲಿನಲ್ಲಿ ಬಿ1, ನಡುಮಟ್ಟ. ರಜೆಗೆ ಮುಂಚಿನ ಕೊನೆಯ ತರಗತಿಗೆ ಮನೆಯವರೂ ಬರಬಹುದು ಅಂದಿದ್ದರಿಂದ ನಾನೂ ಹೋಗಿ ಕೂತೆ. ಪೋಲೆಂಡಿನವರು, ಸೊಮಾಲಿಯಾದವರು, ಗುಜರಾತಿನವರು, ಇರಾನಿನ ಒಬ್ಬ ಹಿರಿಯರು. ಕ್ರಿಸ್‌ಮಸ್ ಆಚರಿಸುವವರು ಅರ್ಧಕ್ಕಿಂತ ಕಡಿಮೆ.

ಟೀಚರ್ ಬೋರ್ಡಿನ ಮೇಲೆ ಪದಗಳ ಪಟ್ಟಿ ಬರೆಯುತ್ತಾರೆ, ನಾವು ಇಳಿಸಿಕೊಳ್ಳುತ್ತೇವೆ ಅಂದುಕೊಂಡಿದ್ದೆ. ಅವರು ಒಂದು ಮನೆಯ ನಡುಮನೆಯ ಚಿತ್ರ ತೋರಿಸಿ, ಏನೇನು ಕಾಣುತ್ತದೆ ಪಕ್ಕದವರಿಗೆ ಹೇಳಿ ಅಂದರು. ಜನಕ್ಕೆ ಗೊತ್ತಿಲ್ಲದ್ದು ಎಲ್ಲಿ ಸಿಕ್ಕಿತೋ ಅಲ್ಲಿ ಮಾತ್ರ ಪದ ಕೊಟ್ಟರು. ಎಲ್ಲ ಸೇರಿ ಹತ್ತು ದಾಟಲಿಲ್ಲ. ಅದೂ ಬಿಡಿಬಿಡಿಯಾಗಿ ಅಲ್ಲ. ಮರ ಎಂದರೆ ಪುಟ್ ಅಪ್ ದ ಟ್ರೀ, ಉಡುಗೊರೆ ಎಂದರೆ ರ‍್ಯಾಪ್ ದ ಪ್ರೆಸೆಂಟ್ಸ್. ಹೆಸರಿನ ಜೊತೆಗೆ ಅದರ ಕೆಲಸವೂ ಬರುತ್ತಿತ್ತು. ಹಬ್ಬಕ್ಕೆ ಮನೆಯಲ್ಲಿ ತೂಗುಹಾಕುವ ಹಸಿರು ಗಿಡ ಮಿಸಲ್‌ಟೋ ಅನ್ನುವಾಗ ಮೊದಲ 'ಟಿ' ಉಚ್ಚರಿಸಬೇಡಿ ಅಂತ ಎರಡು ಸಲ ಹೇಳಿಸಿ ಮುಂದೆ ಹೋದರು.

ಆಮೇಲೆ ಇಬ್ಬಿಬ್ಬರಿಗೆ ಒಂದೊಂದು ಕ್ರ್ಯಾಕರ್ ಕೊಟ್ಟರು. ಬಣ್ಣದ ಕಾಗದ ಸುತ್ತಿದ ರಟ್ಟಿನ ಕೊಳವೆ. ಇಬ್ಬರು ಎರಡು ತುದಿ ಹಿಡಿದು ಎಳೆದರೆ ಟಪ್ ಅಂತ ಬಿಚ್ಚಿಕೊಳ್ಳುತ್ತದೆ. ಒಳಗೆ ಕಾಗದದ ಕಿರೀಟ, ಒಂದು ಪುಟ್ಟ ಸಾಮಾನು, ಒಂದು ನಗೆಹನಿಯ ಚೀಟಿ. 1840ರ ದಶಕದಲ್ಲಿ ಟಾಮ್ ಸ್ಮಿತ್ ಎಂಬ ಲಂಡನ್ನಿನ ಮಿಠಾಯಿ ವ್ಯಾಪಾರಿ ಇದನ್ನು ಬಳಕೆಗೆ ತಂದನಂತೆ. ಚೀಟಿಯ ನಗೆಹನಿಯನ್ನು ಓದಿ ಹೇಳುವುದಲ್ಲ, ಮಡಚಿಟ್ಟು ನಿಮ್ಮ ಮಾತಿನಲ್ಲಿ ಹೇಳಿ, ಎದುರಿನವರಿಗೆ ಅರ್ಥವಾಗದಿದ್ದರೆ ಬಿಡಿಸಿ ಹೇಳಿ ಅಂದರು. ಇರಾನಿನ ಹಿರಿಯರು ತಮ್ಮ ಚೀಟಿಯದನ್ನು ನನಗೆ ಮೂರು ರೀತಿಯಲ್ಲಿ ಬಿಡಿಸಿ ಹೇಳಿದರು. ಅಷ್ಟು ಹೊತ್ತು ಅವರು ಇಂಗ್ಲಿಷಿನಲ್ಲಿ ಮಾತಾಡಿದ್ದೇ ಪಾಠ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಊಟದ ಮೇಜಿನ ಚಿತ್ರ. ಒಬ್ಬರ ಕೈಯಲ್ಲಿ ಒಂದು, ಎದುರಿನವರ ಕೈಯಲ್ಲಿ ಇನ್ನೊಂದು, ಎರಡರಲ್ಲೂ ಸ್ವಲ್ಪ ಸ್ವಲ್ಪ ವ್ಯತ್ಯಾಸ. ತೋರಿಸುವಂತಿಲ್ಲ, ಕೇಳಿಯೇ ಕಂಡುಹಿಡಿಯಬೇಕು. ಇವಳಿಗೆ ಜೊತೆಯಾದದ್ದು ಸೊಮಾಲಿಯಾದ ಹೆಂಗಸು. ನಿನ್ನ ಮೇಜಿನ ಮೇಲೆ ಮೇಣದಬತ್ತಿ ಎಷ್ಟು, ಕಿರೀಟ ಯಾರ ತಲೆಯ ಮೇಲಿದೆ, ಸಾಕ್ಸ್ ಎಲ್ಲಿ ತೂಗುಹಾಕಿದೆ. ಕೇಳದಿದ್ದರೆ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಸರಿಯಾಗಿ ಕೇಳಿದೆನೋ ಇಲ್ಲವೋ ಅಂತ ಅಳುಕಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಇನ್ನೂ ಒಂದು ಇತ್ತು, ಊಟಕ್ಕೆ ಕರೆದವರ ಮನೆಯಲ್ಲಿ ಹೇಗೆ ಮಾತಾಡಬೇಕು ಅನ್ನುವುದು. ಕ್ರಿಸ್‌ಮಸ್ ಪುಡಿಂಗಿಗೆ ಬ್ರಾಂದಿ ಸುರಿದು ಬೆಂಕಿ ತಾಗಿಸುತ್ತಾರೆ. ಮಿನ್ಸ್ ಪೈ ಎಂಬ ಹಬ್ಬದ ತಿಂಡಿಯಲ್ಲಿ ಈಗ ಇರುವುದು ಒಣಹಣ್ಣಿನ ಹೂರಣ, ಆದರೆ ಹಳೇ ಕ್ರಮದಲ್ಲಿ ಮಾಡಿದರೆ ಸೂಯೆಟ್ ಎಂಬ ದನದ ಕೊಬ್ಬು ಬೀಳುತ್ತದೆ. ಆ ಕೋಣೆಯಲ್ಲಿ ಮುಸ್ಲಿಮರಿದ್ದರು, ಜೈನರಿದ್ದರು, ನಾವಿದ್ದೆವು. "ಇದರಲ್ಲಿ ಮದ್ಯ ಇದೆಯೇ", "ಇದರಲ್ಲಿ ಸೂಯೆಟ್ ಇದೆಯೇ" ಅಂತ ಕರೆದವರ ಮನಸ್ಸು ನೋಯದ ಹಾಗೆ ಕೇಳುವುದು, "ದಟ್ಸ್ ವೆರಿ ಕೈಂಡ್ ಆಫ್ ಯೂ, ಬಟ್" ಅಂತ ಶುರುಮಾಡಿ ಬೇಡ ಅನ್ನುವುದು. ಹಬ್ಬದ ದಿನ ರೈಲು ಓಡುವುದಿಲ್ಲ, ದೊಡ್ಡ ಅಂಗಡಿಗಳು ಕಾನೂನಿನ ಪ್ರಕಾರವೇ ಮುಚ್ಚಿರುತ್ತವೆ. 26ರ ಬಾಕ್ಸಿಂಗ್ ಡೇಗೆ ಯಾವುದು ತೆರೆದಿದೆ ಅಂತ ಫೋನಿನಲ್ಲಿ ವಿಚಾರಿಸುವ ಅಭ್ಯಾಸವೂ ಆಯಿತು. ಯಾರಿಗೂ ಯಾರ ದೇವರನ್ನೂ ಒಪ್ಪಿಸಲಿಲ್ಲ. ಬದುಕಬೇಕಾದ ಊರಿನಲ್ಲಿ ಬಾಯಿ ಬಿಡಲು ಬೇಕಾದದ್ದನ್ನು ಕೊಟ್ಟರು.

ಜನ ಮಾತಾಡುತ್ತಿರುವಾಗ ಟೀಚರ್ ತಿದ್ದುತ್ತಿರಲಿಲ್ಲ. ಸಣ್ಣ ಪುಸ್ತಕದಲ್ಲಿ ಏನೋ ಗುರುತುಹಾಕಿಕೊಂಡು ಬೆಂಚುಗಳ ನಡುವೆ ಓಡಾಡುತ್ತಿದ್ದರು. ಕೊನೆಯಲ್ಲಿ ಆರೇಳು ತಪ್ಪು ವಾಕ್ಯಗಳನ್ನು ಯಾರವೆಂದು ಹೇಳದೆ ಬೋರ್ಡಿನ ಮೇಲೆ ಬರೆದು, ಎಲ್ಲರೂ ಸೇರಿ ಸರಿಮಾಡಿ ಅಂದರು.

ನಮ್ಮಲ್ಲಿ ಹಬ್ಬಕ್ಕೇನು ಬರವೇ? ಶ್ರಾವಣ ಹಿಡಿದರೆ ಕಾರ್ತಿಕದವರೆಗೆ ಕ್ಯಾಲೆಂಡರಿನ ತುಂಬ ಹಬ್ಬವೇ. ಇಂಗ್ಲಿಷ್ ತರಗತಿಗೆ ಮಾತ್ರ ಅವು ಬರುತ್ತಿದ್ದುದು ಪ್ರಬಂಧವಾಗಿ: ದೀಪಾವಳಿಯ ಮೇಲೆ ಹತ್ತು ವಾಕ್ಯ ಬರೆಯಿರಿ. ದೀಪಾವಳಿ ಬೆಳಕಿನ ಹಬ್ಬ, ನಾವು ಹೊಸ ಬಟ್ಟೆ ಧರಿಸುತ್ತೇವೆ, ನಾವು ಸಿಹಿ ತಿನ್ನುತ್ತೇವೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದೇ ಎಲ್ಲರ ನೋಟ್ಸಿನಲ್ಲಿ, ಪರೀಕ್ಷೆಯಲ್ಲಿ ಎಲ್ಲರ ಉತ್ತರಪತ್ರಿಕೆಯಲ್ಲಿ. ಮನೆಗೆ ಬರುವ ದಾರಿಯಲ್ಲಿ ಇವಳು ಒಂದು ಮಾತು ಹೇಳಿದಳು. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಅಜ್ಜ ತೀರಿಕೊಂಡು, ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಆದರೂ ಪರೀಕ್ಷೆಯಲ್ಲಿ ನಾವು ಹೊಸ ಬಟ್ಟೆ ಧರಿಸುತ್ತೇವೆ, ಸಿಹಿ ತಿನ್ನುತ್ತೇವೆ ಅಂತ ಬರೆದು ಪೂರ್ತಿ ಅಂಕ ತಗೊಂಡಳು. ಸುಳ್ಳು ಬರೆದೆ ಅಂತ ಅವಳಿಗೆ ಆಗ ಅನಿಸಲೇ ಇಲ್ಲವಂತೆ. ಇಂಗ್ಲಿಷಿನಲ್ಲಿ ಬರೆದದ್ದಕ್ಕೂ ತನ್ನ ಮನೆಗೂ ಸಂಬಂಧವಿದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಮಾತು ನನ್ನನ್ನು ಬಿಟ್ಟಿಲ್ಲ. ಈಸಾಲ್ ತರಗತಿಯಲ್ಲಿ ನಿಮ್ಮ ಬಾಲ್ಯದ ಹಬ್ಬದ ಬಗ್ಗೆ ಹೇಳಿ ಅಂದಾಗ, ಅವಳು ಆ ಹಬ್ಬವಿಲ್ಲದ ವರ್ಷದ ಬಗ್ಗೆಯೇ ಹೇಳಿದಳು. ಪಕ್ಕದ ಮನೆಯವರು ಕದ್ದು ಮಕ್ಕಳಿಗೆ ಕಜ್ಜಾಯ ಕೊಟ್ಟದ್ದನ್ನೂ ಹೇಳಿದಳು. ಕಜ್ಜಾಯ ಅಂದರೇನು ಅಂತ ಪೋಲೆಂಡಿನವನು ಕೇಳಿದ, ಅಕ್ಕಿಹಿಟ್ಟು ಬೆಲ್ಲದಿಂದ ಶುರುಮಾಡಿ ಎಣ್ಣೆಗೆ ಬಿಡುವವರೆಗೂ ಹೇಳಿದಳು. ಅಷ್ಟು ಉದ್ದ ಇಂಗ್ಲಿಷ್ ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಪರೀಕ್ಷೆ ಏನು ಕೇಳುತ್ತದೋ ಮೇಷ್ಟ್ರು ಅದನ್ನೇ ಕಲಿಸುತ್ತಾರೆ, ಅಲ್ಲೂ ಇಲ್ಲೂ. ಇಲ್ಲಿ ಖಾಯಂ ನೆಲೆಸಲು ಬಯಸುವವರಿಗೆ 2013ರಿಂದ ಬಿ1 ಮಟ್ಟದ ಮಾತು ಮತ್ತು ಆಲಿಕೆಯ ಪರೀಕ್ಷೆ ಕೇಳುತ್ತ ಬಂದಿದ್ದಾರೆ. ಟ್ರಿನಿಟಿ ಕಾಲೇಜ್ ಲಂಡನ್ ನಡೆಸುವ ಅಂಥದೊಂದು ಪರೀಕ್ಷೆ, ಗ್ರೇಡ್ 5, ಹತ್ತು ನಿಮಿಷದ್ದು. ಅರ್ಧ ನಿಮ್ಮ ಇಷ್ಟದ ವಿಷಯ, ಇನ್ನರ್ಧ ಪರೀಕ್ಷಕರ ಜೊತೆ ಮಾತುಕತೆ. ಮಾತುಕತೆಗೆ ಗೊತ್ತುಪಡಿಸಿದ ವಿಷಯಗಳಲ್ಲಿ ಹಬ್ಬವೂ ಒಂದು. ಬರಹವೇ ಇಲ್ಲ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಇವಳ ಕಾಲಕ್ಕೆ ನೂರಕ್ಕೆ ನೂರೂ ಬರಹ. ಈಗ 80 ಬರಹ, 20 ಆಂತರಿಕ. ಹತ್ತನೇ ತರಗತಿ ಮುಗಿಸಿ ಹೊರಗೆ ಬರುವ ಮಗುವಿನ ದನಿಯನ್ನು ಪಬ್ಲಿಕ್ ಪರೀಕ್ಷೆ ಎಂಬುದು ಒಂದು ಸಲವೂ ಕೇಳಿರುವುದಿಲ್ಲ.

ತರಗತಿ ಮುಗಿದ ಮೇಲೆ ಟೀಚರ್ ಜೊತೆ ಮಾತಾಡುವಾಗ ಅವರು ಕೇಳಿದ ಒಂದು ಪ್ರಶ್ನೆ ಇನ್ನಷ್ಟು ಚುಚ್ಚಿತು. "ನೀವು ಕರ್ನಾಟಕದವರು, ಬ್ಯಾಂಗಲೋರ್ ಪ್ರಾಜೆಕ್ಟ್ ನಡೆದ ಊರಿನ ಕಡೆಯವರು ಅಲ್ಲವೇ?" ತಮ್ಮ ತರಬೇತಿಯಲ್ಲಿ ಅದನ್ನು ಓದಿದ್ದರಂತೆ. 1979ರಿಂದ 1984ರವರೆಗೆ, ಮದ್ರಾಸಿನ ಬ್ರಿಟಿಷ್ ಕೌನ್ಸಿಲ್ಲಿನಲ್ಲಿದ್ದ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆ ಸೇರಿ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಟ್ಟು, ಲೆಕ್ಕ ಬಿಡಿಸಿದ ಹಾಗೆ ಬಿಡಿಸಿ ಅಂದರು. ಕೆಲಸದ ಮೇಲೆ ಗಮನವಿದ್ದರೆ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಇವತ್ತು ಜಗತ್ತಿನಾದ್ಯಂತ ಕೆಲಸ ಕೊಟ್ಟು ಭಾಷೆ ಕಲಿಸುವ ಕ್ರಮದ ಬಗ್ಗೆ ಮಾತು ಬಂದರೆ ಬೆಂಗಳೂರಿನ ಹೆಸರು ಬರುತ್ತದೆ. ಆ ಊರಿನ ಸುತ್ತಲ ಶಾಲೆಗಳಲ್ಲಿ ನನ್ನ ಹೆಂಡತಿಯ ಪೀಳಿಗೆ ಹತ್ತು ವಾಕ್ಯ ಉರುಹೊಡೆಯಿತು. ನಮ್ಮಲ್ಲಿ ಮೊಳೆತದ್ದನ್ನು ನಾವೇ ನೀರು ಹಾಕದೆ ಬಿಟ್ಟೆವಲ್ಲ ಅಂತ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇಷ್ಟು ಹೇಳಿದ ಮೇಲೆ ಹೇಳದೆ ಬಿಡಲಾಗದ್ದೂ ಇದೆ. ಬೋರ್ಡಿನ ಮೇಲಿನ ತಪ್ಪು ವಾಕ್ಯಗಳನ್ನು ಎಲ್ಲರಿಗಿಂತ ಬೇಗ ಸರಿಮಾಡಿದವಳು ಇವಳೇ. ಪೋಲೆಂಡಿನವನು ನೀರು ಹರಿದ ಹಾಗೆ ಮಾತಾಡುತ್ತಾನೆ, ಆದರೆ ಕೌನ್ಸಿಲಿಗೆ ಒಂದು ಅರ್ಜಿ ಬರೆಯಲು ಇವಳ ಪಕ್ಕ ಬಂದು ಕೂರುತ್ತಾನೆ. ಕಾಗುಣಿತ ತಪ್ಪಿದರೆ ಹತ್ತು ಸಲ ಬರೆಸಿದ ನಮ್ಮ ಮೇಷ್ಟ್ರುಗಳ ಋಣ ಅದು. ಇಲ್ಲಿ ತರಗತಿಯಲ್ಲಿ ಹದಿನೈದು ಜನ, ಹೊರಗೆ ಕಾಲಿಟ್ಟರೆ ಬಸ್ ಸ್ಟಾಪಿನಲ್ಲೂ ಇಂಗ್ಲಿಷ್. ನಮ್ಮ ಹಳ್ಳಿಯ ಶಾಲೆಯ ಮೇಷ್ಟ್ರಿಗೆ ಆ ಅನುಕೂಲ ಎಲ್ಲಿಂದ ಬರಬೇಕು? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ ಕಲಿ ಚಿಕ್ಕ ತರಗತಿಗಳಲ್ಲಿ ಮಕ್ಕಳನ್ನು ಸಾಲುಬೆಂಚಿನಿಂದ ಎಬ್ಬಿಸಿ ಗುಂಪಿನಲ್ಲಿ ಕೂರಿಸಿತು ಎಂಬುದನ್ನೂ ಒಪ್ಪಬೇಕು.

ನನ್ನ ನಾದಿನಿ ನಮ್ಮ ಕಡೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಊಟದ ಮೇಜಿನ ಆ ಎರಡು ಚಿತ್ರಗಳನ್ನು ನಾವು ವಾಟ್ಸಾಪಿನಲ್ಲಿ ಕಳಿಸಿದೆವು. ಅವಳು ಅದನ್ನೇ ಸಂಕ್ರಾಂತಿಗೆ ಹೊಂದಿಸಿಕೊಂಡಳು. ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬರಿಗೆ ಒಂದು ಬೀದಿಯ ಪಟ್ಟಿ, ಇನ್ನೊಬ್ಬರಿಗೆ ಮತ್ತೊಂದು. ಯಾರ ಮನೆಗೆ ಎಳ್ಳು ಬೀರಿ ಆಯಿತು, ಯಾರ ಮನೆ ಬಾಕಿ, ಯಾರ ಮನೆಯಲ್ಲಿ ಕಬ್ಬು ಕೊಟ್ಟರು, ಎಲ್ಲ ಇಂಗ್ಲಿಷಿನಲ್ಲೇ ಕೇಳಿ ತಿಳಿಯಬೇಕು. ಅರವತ್ತು ಮಕ್ಕಳ ಗದ್ದಲಕ್ಕೆ ಹೆಡ್‌ಮಾಸ್ಟರ್ ಎದ್ದು ಬಂದರಂತೆ. ಬಂದವರು ಬಯ್ಯದೆ ಪೀರಿಯಡ್ ಮುಗಿಯುವವರೆಗೂ ಬಾಗಿಲಲ್ಲಿ ನಿಂತು ಕೇಳಿದರಂತೆ. ಇನ್ನೊಂದು ಸಲ ಮಾಡು ಅಂದರೆ, "ಭಾವ, ಪೋರ್ಷನ್ ಮುಗಿಸಬೇಕು, ಪರೀಕ್ಷೆ ಹತ್ತಿರ ಬಂತು, ಇದಕ್ಕೆ ಒಂದು ಮಾರ್ಕೂ ಇಲ್ಲ" ಅಂದಳು. ಆ 20 ಆಂತರಿಕ ಅಂಕಗಳಲ್ಲಿ ಐದನ್ನು ಮಗು ಬಾಯಿಬಿಟ್ಟು ಆಡುವ ಮಾತಿಗೆ ಅಂತ ತೆಗೆದಿಟ್ಟರೆ, ಅವಳು ಪೀರಿಯಡ್ ಕದಿಯಬೇಕಾಗಿಲ್ಲ.