ಗುರುತು ಓದಲು ಬರಬೇಕಲ್ವಾ?

ಯುರೋಪಿನ ಹಾಗೆ ನಮ್ಮಲ್ಲೂ ಎಐ (ಕೃತಕ ಬುದ್ಧಿಮತ್ತೆ) ಕಂಪನಿಗಳಿಗೆ ದೊಡ್ಡ ದಂಡ ಇರಲಿ ಎಂದು ಲೇಖನದಲ್ಲಿ ಬರೆದಿದ್ದೀರಿ. ಒಪ್ಪುತ್ತೇನೆ. 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನಿನಲ್ಲಿ, ನಿಷೇಧಿಸಿದ ರೀತಿಯಲ್ಲಿ ಎಐ ಬಳಸಿದರೆ ಕಂಪನಿಯ ಜಾಗತಿಕ ವಹಿವಾಟಿನ ಶೇ. 7ರವರೆಗೂ ದಂಡ ಹಾಕಬಹುದು.

ಆದರೆ ಕಾಸರಗೋಡಿನಲ್ಲಿ ಕೂತು ನೋಡಿದರೆ ನನಗೆ ಚೀನಾದ ಒಂದು ನಿಯಮವೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. (ಅಲ್ಲಿನ ಸೆನ್ಸಾರ್ ನಮಗೆ ಖಂಡಿತ ಬೇಡ.) 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ಎಐ ತಯಾರಿಸಿದ ಚಿತ್ರ, ದನಿ, ವಿಡಿಯೊಗಳಿಗೆ ‘ಇದು ಎಐ ಮಾಡಿದ್ದು’ ಎಂದು ಜನರಿಗೆ ತಿಳಿಯುವಂಥ ಗುರುತು ಬೇಕು. ಫೈಲಿನ ಒಳಗೂ ಕಂಪ್ಯೂಟರ್ ಓದುವಂಥ ಗುರುತು ಇರಬೇಕು.

ನಮ್ಮಲ್ಲಿ ಒಂದೇ ಫೋನಿಗೆ ಕನ್ನಡ, ತುಳು, ಮಲಯಾಳಂ ಮೂರರಲ್ಲೂ ವಿಡಿಯೊ ಬರುತ್ತದೆ. ಮಂಜೇಶ್ವರ, ಬದಿಯಡ್ಕ ಕಡೆಯ ಎಷ್ಟೋ ಹಿರಿಯರಿಗೆ ಮಲಯಾಳಂ ಮಾತು ಅರ್ಥವಾಗುತ್ತದೆ, ಓದಲು ಬರುವುದು ಕನ್ನಡ ಮಾತ್ರ. ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಗುರುತು ಹಾಕಿದರೆ ಅವರಿಗೇನು ಉಪಯೋಗ? ಫೋನಿನ ಭಾಷೆ ಕನ್ನಡವಾಗಿದ್ದರೆ ಗುರುತೂ ಕನ್ನಡದಲ್ಲೇ ಕಾಣಬೇಕು. ಬರೀ ದನಿಯಾದರೆ ಶುರುವಿನಲ್ಲೇ ಕೇಳಿಸಬೇಕು. ರಾಜ್ಯದ ಭಾಷೆ ನೋಡಿ ನಿಯಮ ಮಾಡಿದರೆ ಗಡಿಯ ನಾವು ಮತ್ತೆ ಹೊರಗೇ ಉಳಿಯುತ್ತೇವೆ. ದಿಲ್ಲಿಯಲ್ಲಿ ನಿಯಮ ಬರೆಯುವವರು ದಯವಿಟ್ಟು ಇದನ್ನೂ ಸೇರಿಸಲಿ.