ಬಿಸಿಲನ್ನು ಬೆವರಿನಿಂದ ಅಳೆಯಬೇಡಿ

"ಇವತ್ತು ಮೋಡ ಇದೆ, ಅಷ್ಟೇನೂ ಬಿಸಿಲಿಲ್ಲ" ಅಂತ ಬರಿತಲೆಯಲ್ಲಿ ಹೊರಟವರನ್ನು ಕಂಡರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಉಷ್ಣವಲಯದಲ್ಲಿ ಬದುಕುವ ನಾವು ಸೆಕೆ ಆದರೆ ಬಿಸಿಲು ಜೋರು, ಗಾಳಿ ಬೀಸಿದರೆ ಬಿಸಿಲು ಕಮ್ಮಿ ಅಂದುಕೊಂಡುಬಿಡುತ್ತೇವೆ. ಆದರೆ ಚರ್ಮ ಸುಡುವುದು, ಕಣ್ಣು ಕೆಡಿಸುವುದು ಅತಿನೇರಳೆ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ಬಿಸಿಯಾಗಿ ಮೈಗೆ ತಾಗುವುದೂ ಇಲ್ಲ. ತೆಳು ಮೋಡವನ್ನು ದಾಟಿ ಅದರ ಬಹುಪಾಲು ಕೆಳಗೆ ಇಳಿಯುತ್ತದೆ. ಬೆಟ್ಟದ ಮೇಲೆ ತಣ್ಣಗಿದೆ ಅಂತ ಬಿಸಿಲಿಗೆ ಮೈಯೊಡ್ಡಿ ಕೂರುತ್ತೇವಲ್ಲ, ಅಲ್ಲಿ ಪ್ರತಿ 1000 ಮೀಟರ್ ಏರಿದಂತೆ ಈ ಕಿರಣ ಶೇಕಡಾ 10ರಷ್ಟು ಹೆಚ್ಚುತ್ತಾ ಹೋಗುತ್ತದೆ.

ದಿನದ ಸೆಕೆ ಜೋರಾಗುವುದು ಸಾಮಾನ್ಯವಾಗಿ ಮಧ್ಯಾಹ್ನ 2–3 ಗಂಟೆಗೆ. ಅತಿನೇರಳೆ ಕಿರಣ ಜೋರಾಗುವುದು ಸೂರ್ಯ ನೆತ್ತಿಗೆ ಬಂದಾಗ, ಅಂದರೆ ಸೆಕೆ ಏರುವ ಮೊದಲೇ. ಆದ್ದರಿಂದ ನಿಮ್ಮ ನೆರಳನ್ನು ನೋಡಿ. ನೆರಳು ನಿಮಗಿಂತ ಉದ್ದವಿದ್ದರೆ ಅಷ್ಟು ಭಯವಿಲ್ಲ, ಗಿಡ್ಡವಾಯಿತೋ, ಮೈ ಮುಚ್ಚಿಕೊಳ್ಳುವ ಹೊತ್ತಾಯಿತು. ಹವಾಮಾನದ ಆ್ಯಪ್‌ಗಳಲ್ಲಿ ಯುವಿ ಇಂಡೆಕ್ಸ್ ಅಂತ, ಅತಿನೇರಳೆ ಕಿರಣ (ಯುವಿ) ಎಷ್ಟು ಜೋರಿದೆ ಎಂದು ಹೇಳುವ ಒಂದು ಅಂಕಿ ಇರುತ್ತದೆ. ಅದು 3 ಮುಟ್ಟಿದರೆ ರಕ್ಷಣೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 11 ಮುಟ್ಟಿದರೆ ಅತಿ ತೀವ್ರ. ಉಷ್ಣವಲಯದ ನಡುಮಧ್ಯಾಹ್ನಕ್ಕೆ 11 ಏನೂ ಅಪರೂಪವಲ್ಲ.

ಬಿಸಿಲು ಅಂದ ಕೂಡಲೇ ಎಲ್ಲರೂ ಸನ್‌ಸ್ಕ್ರೀನ್ ಅನ್ನುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಬರಬೇಕಾದದ್ದು. ಮೊದಲು ನೆರಳು, ಆಮೇಲೆ ಬಟ್ಟೆ, ಅಗಲ ಅಂಚಿನ ಟೋಪಿ ಇಲ್ಲವೇ ಛತ್ರಿ. ಮುಂದೆ ಮಾತ್ರ ಅಂಚಿರುವ ಕ್ಯಾಪ್ ಹಾಕಿಕೊಂಡರೆ ಕಿವಿಯ ತುದಿ, ಕತ್ತಿನ ಹಿಂಭಾಗ ಎರಡೂ ಬಿಸಿಲಿಗೇ ಬಿಟ್ಟಂತೆ. ಬಟ್ಟೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಎಳೆಗಳ ಸಂದಿಯಲ್ಲಿ ಬೆಳಕು ಚುಕ್ಕಿಚುಕ್ಕಿಯಾಗಿ ಕಂಡರೆ ಕಿರಣವೂ ಅಲ್ಲೇ ನುಗ್ಗುತ್ತದೆ. ತೆಳು ಬಿಳಿ ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಇನ್ನೂ ಜಾಸ್ತಿ ಬಿಡುತ್ತದೆ. ಒತ್ತಾಗಿ ನೇಯ್ದ, ಗಾಳಿಯಾಡುವಷ್ಟು ಸಡಿಲವಾದ ತುಂಬುತೋಳಿನ ಅಂಗಿಯೇ ಒಳ್ಳೆಯದು. ಸೆಕೆ ಅಂತ ತೋಳಿಲ್ಲದ್ದು ಹಾಕುವುದು ಉರಿಬಿಸಿಲಲ್ಲಿ ತಿರುಗಾಡುವವರಿಗೆ ತಪ್ಪು ಲೆಕ್ಕ.

ಸನ್‌ಸ್ಕ್ರೀನ್ ಹಚ್ಚುವುದಾದರೆ ಸರಿಯಾಗಿ ಹಚ್ಚಿ. ಎಸ್‌ಪಿಎಫ್ (ಡಬ್ಬಿಯ ಮೇಲೆ ಬರೆದಿರುವ ರಕ್ಷಣೆಯ ಅಂಕಿ) 30 ಇದ್ದದ್ದು ಸುಡುವ ಕಿರಣದಲ್ಲಿ ಶೇಕಡಾ 97ರಷ್ಟು ತಡೆಯುತ್ತದೆ, 50 ಇದ್ದದ್ದು 98ರಷ್ಟು. ವ್ಯತ್ಯಾಸ ಇಷ್ಟೇ! ಆದರೆ ಈ ಅಂಕಿ ಸಿಗುವುದು ದಪ್ಪಗೆ ಹಚ್ಚಿದಾಗ. ಮುಖ ಮತ್ತು ಕತ್ತಿಗೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಬೇಕು. ನಾವು ಹಚ್ಚುವುದು ಕಾಳಿನಷ್ಟು, ಅದೂ ಬೆಳಿಗ್ಗೆ ಒಂದು ಸಲ. 2 ಗಂಟೆಗೊಮ್ಮೆ, ಬೆವರಿ ಒರೆಸಿಕೊಂಡಾಗಲೆಲ್ಲ ಮತ್ತೆ ಹಚ್ಚಬೇಕು. 6 ತಿಂಗಳೊಳಗಿನ ಕೂಸುಗಳಿಗೆ ಕ್ರೀಮ್ ಬೇಡ, ನೆರಳು ಮತ್ತು ಬಟ್ಟೆಯೇ ಸಾಕು.

"ನಾವು ಕಪ್ಪಗಿದ್ದೇವೆ, ನಮಗೇನಾಗುತ್ತದೆ?" ಅನ್ನುವ ಮಾತು ನನಗೆ ತುಂಬಾ ಬೇಜಾರು ತರಿಸುತ್ತದೆ. ಕಪ್ಪು ಚರ್ಮ ಸುಡುವುದು ನಿಧಾನ, ನಿಜ. ಆದರೆ ಕೆನ್ನೆ, ಹಣೆಯ ಮೇಲೆ ಬಂಗು ಎದ್ದು ಕಾಣುವುದು ಇಂಥ ಚರ್ಮದಲ್ಲೇ, ಬಿಸಿಲು ತಾಗಿದಷ್ಟೂ ಅದು ಗಾಢವಾಗುತ್ತದೆ. ಇನ್ನು ಕಣ್ಣಿನ ಪೊರೆಗೆ ಮೈಬಣ್ಣ ಗೊತ್ತಿರುವುದಿಲ್ಲ. ಕನ್ನಡಕ ಕೊಳ್ಳುವಾಗ ಗಾಜು ಎಷ್ಟು ಕಪ್ಪಗಿದೆ ಅಂತ ನೋಡಬೇಡಿ, ಯುವಿ 400 ಅಂತ, ಅಂದರೆ ಅತಿನೇರಳೆ ಕಿರಣ ತಡೆಯುತ್ತದೆ ಅಂತ ಬರೆದಿದೆಯಾ ನೋಡಿ. ಕಿರಣ ತಡೆಯದ ಕಪ್ಪು ಗಾಜು ಹಾಕಿದರೆ ಕಣ್ಣಿನ ಪಾಪೆ ಹಿಗ್ಗಿ, ಒಳಗೆ ಹೋಗುವ ಕಿರಣ ಹೆಚ್ಚಾಗಬಹುದು.

"10ರಿಂದ 4ರವರೆಗೆ ಹೊರಗೆ ಹೋಗಬೇಡಿ" ಅನ್ನುವುದು ಒಳ್ಳೆಯ ಸಲಹೆಯೇ. ಆದರೆ ರಸ್ತೆ ಅಗೆಯುವವರಿಗೆ, ಹೊಲದಲ್ಲಿ ದುಡಿಯುವವರಿಗೆ, ಮನೆಮನೆಗೆ ಸಾಮಾನು ತಲುಪಿಸುವವರಿಗೆ ಇದನ್ನು ಹೇಳಿ ಏನು ಪ್ರಯೋಜನ? ಅವರ ಹೊತ್ತನ್ನು ಗೊತ್ತುಮಾಡುವವರು ಬೇರೆ. ಕೆಲಸ ಮಾಡಿಸುವವರೇ ಭಾರದ ಕೆಲಸವನ್ನು ಬೆಳಗಿನ ಜಾವಕ್ಕೋ ಸಂಜೆಗೋ ಹಾಕಬೇಕು, ನೀರು ಮತ್ತು ನೆರಳು ಕೈಗೆಟುಕುವಂತಿರಬೇಕು, ಕೂತು ಸುಧಾರಿಸಿಕೊಂಡ ಹೊತ್ತಿಗೆ ಕೂಲಿ ಹಿಡಿಯಬಾರದು. ಹೊಸದಾಗಿ ಬಂದವರ ಮೇಲೆ ಜಾಸ್ತಿ ಕಣ್ಣಿಡಬೇಕು. ಮೈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು, ಮೊದಲ ದಿನವೇ ಪೂರ್ತಿ ಕೆಲಸ ಹೊರಿಸುವುದು ಅಪಾಯ.

ಜೊತೆಗಿದ್ದವರು ತೊದಲುತ್ತಿದ್ದರೆ, ಅಸಂಬದ್ಧ ಮಾತಾಡುತ್ತಿದ್ದರೆ, ಮೈ ಕಾದಿದ್ದರೆ "ಸ್ವಲ್ಪ ಸುಸ್ತು, ಸರಿಹೋಗುತ್ತದೆ" ಅಂತ ಕಾಯಬೇಡಿ. ಬೆವರು ಬರುತ್ತಿದ್ದರೂ ಅದು ಶಾಖಾಘಾತ (ಹೀಟ್ ಸ್ಟ್ರೋಕ್) ಇರಬಹುದು. ಕೂಡಲೇ ಆಂಬುಲೆನ್ಸ್‌ಗೆ ಫೋನ್ ಮಾಡಿಸಿ, ನೆರಳಿಗೆ ಒಯ್ಯಿರಿ, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ. ಆಸ್ಪತ್ರೆ ತಲುಪುವವರೆಗೂ ಮೈ ತಣಿಸುವುದನ್ನು ನಿಲ್ಲಿಸಬೇಡಿ.