ಬರೆದವರು ಅಜ್ಞಾತ, ಕೊಂಡವರು ಪ್ರಖ್ಯಾತ

ಸುದ್ದಿ ನೀವೂ ಓದಿರುತ್ತೀರಿ. ನಮ್ಮೂರಿನ ಒಂದು ಕಲಾ ಮ್ಯೂಸಿಯಂ ಊರವರ ಮನೆಗಳಲ್ಲಿರುವ ಚಿತ್ರಗಳನ್ನು ಕೇಳಿ ತಂದು ಪ್ರದರ್ಶನಕ್ಕಿಟ್ಟಿದೆ. ಎಂಥ ದೊಡ್ಡ ಮನಸ್ಸು! ಯಾವ ಊರವರು ಅಂತ ಮಾತ್ರ ಕೇಳಬೇಡಿ. ಬಾಗಿಲಲ್ಲಿ ಹಾಕಿರುವ ಹೆಸರುಗಳನ್ನು ಓದಿದರೆ ಪಟ್ಟಿ ಬೆಂಗಳೂರಿನ ಸಿರಿವಂತರ ಸದಾಶಿವನಗರದಲ್ಲಿ ಶುರುವಾಗಿ ಅಂಥದೇ ಲ್ಯಾವೆಲ್ಲೆ ರಸ್ತೆಯಲ್ಲಿ ಮುಗಿದುಹೋಗುತ್ತದೆ. ಮಾಗಡಿ ರಸ್ತೆಯ ಮನೆಗಳಿಗೆ ಗೋಡೆಗಳೇ ಇಲ್ಲವೇನೋ.

ನಾನೂ ಹೋಗಿದ್ದೆ. ಮೈಸೂರು ಶೈಲಿಯ ಒಂದು ಪಟ ಕಂಡಿತು. ರಾಮ ಪಟ್ಟಾಭಿಷೇಕ. ಮಕ್ಕು ಸಫೇದ ಅನ್ನುವ ಲೇಪದ ಉಬ್ಬು ಕೆಲಸ ತೆಳ್ಳಗೆ ಎದ್ದಿದೆ, ಅದರ ಮೇಲೆ ಚಿನ್ನದ ರೇಕು. ತಂಜಾವೂರಿನವರ ಹಾಗೆ ದಪ್ಪಗೆ ಮೆತ್ತಿ, ಹರಳು ಅಂಟಿಸಿ ಮಿಂಚುವ ಆತುರ ನಮ್ಮವರಿಗಿಲ್ಲ. ಹನುಮಂತನ ಬಾಲದ ತುದಿಯಲ್ಲಿ ರೇಕು ಸ್ವಲ್ಪ ಕಿತ್ತುಹೋಗಿ ಒಳಗಿನ ಹಳದಿ ಇಣುಕುತ್ತಿತ್ತು. ಅಲ್ಲೇ ನಿಂತುಬಿಟ್ಟೆ. ಆಮೇಲೆ ಪಕ್ಕದ ಚೀಟಿ ಓದಿದೆ. 'ಕಲಾವಿದ: ಅಜ್ಞಾತ.' ಅದರ ಕೆಳಗೆ ದಪ್ಪಕ್ಷರದಲ್ಲಿ ಮಾಲೀಕ ದಂಪತಿಯ ಹೆಸರು, ಅವರ ಕಂಪನಿ, ಕಲೆಯ ಮೇಲೆ ಅವರಿಗೆ ಹುಟ್ಟಿದ ಪ್ರೀತಿ, ಅದು ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ ಅನ್ನುವ ವಿವರ. ಸರಿಯೇ ಅಲ್ವಾ? ಚಿತ್ರ ಬರೆಯುವುದು ಯಾರ ಕೈಲಾದರೂ ಆಗುತ್ತದೆ. ಚೆಕ್ ಬರೆಯುವುದು ಕಷ್ಟ.

ಚಾಮರಾಜಪೇಟೆಯ ನಮ್ಮ ಅತ್ತೆಯ ಮನೆಯಲ್ಲೂ ಇಂಥದೇ ಒಂದು ಪಟ ಇದೆ. ದೇವರಮನೆಯಲ್ಲಿ ಊದುಬತ್ತಿ ಹೊಗೆ ಕುಡಿದು ಅರ್ಧ ಕಪ್ಪಾಗಿದೆ. "ನಮ್ಮದನ್ನೂ ಕೊಡೋಣ ಕಣೋ" ಅಂದರು. ಫಾರಂ ತರಿಸಿದೆ. ಪೂರ್ತಿ ಇಂಗ್ಲಿಷ್. ಹಿಂದಿನ ಮಾಲೀಕರ ದಾಖಲೆ ಲಗತ್ತಿಸಿ, ವಿಮೆಯ ಮೊತ್ತ ನಮೂದಿಸಿ. "ನಮ್ಮಜ್ಜನ ಮದುವೇಲಿ ಬಂದಿದ್ದು, ಅದಕ್ಕೆ ಯಾವ ರಸೀದಿ ತರ್ಲಿ?" ಅಂತ ಅತ್ತೆ ಕೇಳಿದರು. ನಾನು ಸುಮ್ನೆ ಇರದೆ, 1972ರ ಪ್ರಾಚ್ಯವಸ್ತು ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ಚಿತ್ರ ಮನೆಯಲ್ಲಿದ್ದರೆ ಸರ್ಕಾರದಲ್ಲಿ ನೋಂದಾಯಿಸಬೇಕು ಅಂದೆ. ಅತ್ತೆ ಎದ್ದು ಹೋಗಿ ದೇವರಮನೆ ಬಾಗಿಲು ಹಾಕಿಕೊಂಡು ಬಂದರು. "ನಮ್ಮನೇಲಿ ಯಾವ ಪಟಾನೂ ಇಲ್ಲ."

ಹಾಗೆ ನೋಡಿದರೆ ಮನೆಯ ಸಂಗ್ರಹವನ್ನು ಊರಿಗೆ ತೋರಿಸುವ ವಿದ್ಯೆಯನ್ನು ಅತ್ತೆಗೆ ಯಾರೂ ಕಲಿಸಬೇಕಾಗಿಲ್ಲ. ನವರಾತ್ರಿ ಬರಲಿ. ಅಟ್ಟದಿಂದ ಟ್ರಂಕು ಇಳಿಯುತ್ತದೆ. ಮೆಟ್ಟಿಲು ಕಟ್ಟಿ ಬಿಳಿ ಪಂಚೆ ಹಾಸುತ್ತಾರೆ. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ದಶಾವತಾರ, ಅಕ್ಕಿ ಬೇಳೆ ಹರಡಿಕೊಂಡು ಕೂತ ಶೆಟ್ಟಿ ಶೆಟ್ಟಮ್ಮ, ಚನ್ನಪಟ್ಟಣದ ಬುಗುರಿ, ಮೂಲೆಯಲ್ಲಿ ಮೊಮ್ಮಗನ ಹಠಕ್ಕೆ ನಿಂತ ಸ್ಪೈಡರ್‌ಮ್ಯಾನ್. ಯಾವುದು ಎಲ್ಲಿ ಅನ್ನುವುದರಲ್ಲಿ ಅತ್ತೆಯದೇ ಕೊನೆ ಮಾತು. ಟಿಕೆಟ್ ಇಲ್ಲ. ನೋಡಲು ಹೋದವರಿಗೇ ಕೈತುಂಬ ಚರಪಿನ ತಿಂಡಿ. ಹೂವು ಮಾರುವಾಕೆಯ ಮಗಳು ನೆಲದ ಮೇಲೆ ಕೂತು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಯಾವ ಗಾರ್ಡೂ ಎಬ್ಬಿಸುವುದಿಲ್ಲ. ಪಟ್ಟದ ರಾಣಿಯ ಕೈ ಯಾಕೆ ಮುರಿದಿದೆ ಅಂತ ಕೇಳಿ ನೋಡಿ. ಯಾರ ಮದುವೆಗೆ ಬಂತು, ಯಾವ ಸೊಸೆ ಬೀಳಿಸಿದಳು, ಆಮೇಲೆ ಆ ಮನೆಯಲ್ಲಿ ಏನೇನಾಯಿತು, ಎಲ್ಲ ದಾಖಲೆ ಬಾಯಲ್ಲೇ ಇದೆ. ಲಗತ್ತಿಸಲು ಬರುವುದಿಲ್ಲ, ಅಷ್ಟೇ.

ನಗುವುದು ಸಾಕು. ನಮ್ಮೆಲ್ಲರದ್ದೂ ಅಂತ ಒಂದು ಸಂಗ್ರಹ ಈ ಊರಲ್ಲಿ ಈಗಾಗಲೇ ಇದೆಯಲ್ಲ, ಅದರ ಗತಿ ಏನು? 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯ ಕಸ್ತೂರಬಾ ರಸ್ತೆಯಲ್ಲಿ ಇದೆ. ಬೇಗೂರಿನ ವೀರಗಲ್ಲು ಅಲ್ಲಿದೆ. ಆನೆ, ಕುದುರೆ, ಕಾಳಗ, ಇಡೀ ಯುದ್ಧವೇ ಒಂದು ಕಲ್ಲಿನಲ್ಲಿದೆ. ನೋಡಿದವರು ಕೈ ಎತ್ತಿ. ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ. ಕಲ್ಕತ್ತದಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತು ಬಂದು, ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತು, ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದ ಮನುಷ್ಯ ಕೆ. ವೆಂಕಟಪ್ಪ. ಅವರ ಹೆಸರಿನ ಜಾಗವನ್ನೇ ಒಂದು ಖಾಸಗಿ ಪ್ರತಿಷ್ಠಾನದ ಕೈಗೆ ಕೊಡಲು ಸರ್ಕಾರ ಒಪ್ಪಂದ ಮಾಡಿಕೊಂಡಿತ್ತು. 2016ರಲ್ಲಿ ಕಲಾವಿದರು ಬೀದಿಗಿಳಿದು ಕೂಗಾಡಬೇಕಾಯಿತು. ಕೂಗಾಡದಿದ್ದರೆ? ಯಾಕೆ ಪ್ರತಿ ಸಲ ಕೂಗಾಡಿಯೇ ಉಳಿಸಿಕೊಳ್ಳಬೇಕು? ಚಿತ್ರ ಬರೆಯುವ ಹುಡುಗರು ವರ್ಷಕ್ಕೊಂದು ಭಾನುವಾರ ಚಿತ್ರಸಂತೆಯಲ್ಲಿ, ಕುಮಾರಕೃಪಾ ರಸ್ತೆಯ ಫುಟ್‌ಪಾತಿನಲ್ಲಿ ಬಿಸಿಲು ಕಾಯುತ್ತಾ ಕೂರುತ್ತಾರೆ. ಎಸಿ ಗೋಡೆ ಸಿಗುವುದು ಕೊಂಡವರಿಗೆ.

ಈಗ ತೂಗುಹಾಕಿರುವ ಚಿತ್ರಗಳು ಪ್ರದರ್ಶನ ಮುಗಿದ ಮೇಲೆ ವಾಪಸ್ ಅವರವರ ಮನೆಗೇ ಹೋಗುತ್ತವೆ. ಹೋಗುವಾಗ ಬೆಲೆ ಜಾಸ್ತಿ ಮಾಡಿಕೊಂಡು ಹೋಗುತ್ತವೆ. 'ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡಿದೆ' ಅನ್ನುವ ಒಂದು ಸಾಲಿಗೆ ಹರಾಜಿನ ಕ್ಯಾಟಲಾಗಿನಲ್ಲಿ ಎಷ್ಟು ತೂಕ ಅಂತ ಈ ವ್ಯವಹಾರ ಮಾಡುವ ಎಲ್ಲರಿಗೂ ಗೊತ್ತು. ನಾವು ಹೋಗಿ, ಹಾ ಹೂ ಅಂದು, ಸೆಲ್ಫಿ ತೆಗೆದುಕೊಂಡು, ಅವರ ಆಸ್ತಿಗೆ ಬಿಟ್ಟಿಯಾಗಿ ಪಾಲಿಶ್ ಹಾಕಿ ಬಂದೆವು. ಬಿಟ್ಟಿ ಅನ್ನುವುದೂ ತಪ್ಪು, ಟಿಕೆಟ್ ತೆಗೆದುಕೊಂಡಿದ್ದೆವು.

ನೀವೂ ಹೋಗಿ ಬನ್ನಿ. ಸೋಮವಾರ ರಜೆ. ಬೈಕ್ ನಿಲ್ಲಿಸಲು ಜಾಗ ಇಲ್ಲ.